ಭಾಷಣದಲ್ಲಿ ತೆರೆದ ಬಾಗಿಲು

ಚಪ್ಪಾಳೆ ಗಿಟ್ಟಿಸಿದ ಭಾಷಣ ಎರಡೇ ದಿನದಲ್ಲಿ ಫೋನ್ ಮಾಡಿ ನಮ್ಮನ್ನೇ ವಿಚಾರಿಸಿಕೊಳ್ಳುತ್ತದೆ. ನನಗಂತೂ ಹಾಗೇ ಆಯಿತು.

ಶನಿವಾರ ಇಲ್ಲಿನ ಕನ್ನಡಿಗರ ಕೂಟದಲ್ಲಿ ನನಗೆ ಮೈಕ್ ಸಿಕ್ಕಿತು. "ಕೆಲಸ ಹುಡುಕಿಕೊಂಡು ದುಬೈಗೆ ಬರುವ ಪ್ರತಿಯೊಬ್ಬ ಕನ್ನಡಿಗನಿಗೂ ನಮ್ಮ ಮನೆ ಬಾಗಿಲು ತೆರೆದಿದೆ" ಎಂದುಬಿಟ್ಟೆ. (ಮನೆಯಲ್ಲಿರುವುದು ಒಂದೇ ಬೆಡ್‌ರೂಮ್. ಅದನ್ನು ಹೇಳಲಿಲ್ಲ.)

ಸೋಮವಾರ ಆಫೀಸಿನಲ್ಲಿದ್ದಾಗ ಫೋನ್ ಬಂತು. ವಿಜಯಪುರದ ಬಸವರಾಜ್, ಎಸಿ ಮೆಕ್ಯಾನಿಕ್, ಇಬ್ಬರು ಮಕ್ಕಳ ತಂದೆ.

"ನಿಮ್ಮ ಭಾಷಣ ಕೇಳೀನ್ರಿ ಸರ. ವಿಸಿಟ್ ವೀಸಾ ಇನ್ನ ಇಪ್ಪತ್ತ ದಿನ ಐತಿ. ಈಗಿರೂ ರೂಮ್ ನಾಳೆ ಖಾಲಿ ಮಾಡ್ಬೇಕ್ರಿ. ನಿಮ್ಮ ಹಾಲ್‌ನ್ಯಾಗ ಮಲಗಾಕ ಜಾಗ ಸಿಕ್ರ ಸಾಕ್ರಿ. ಇಲ್ಲಾಂದ್ರ ಕೆಲಸ ಸಿಗೂಕಿಂತ ಮೊದಲ ಊರಿಗೆ ಹೋಗೂದ."

"ನೋಡೋಣ" ಎಂದೆ. ಕೂಡಲೇ ಬನಿಯಾಸ್ ಬಡಾವಣೆಯಲ್ಲಿರುವ ಗೆಳೆಯನಿಗೆ ಮೆಸೇಜ್ ಬರೆಯತೊಡಗಿದೆ: "ಒಳ್ಳೆಯ ಮನುಷ್ಯ. ನೀನೇ ಇಟ್ಟುಕೋ. ನಮ್ಮಲ್ಲಿ ಕಷ್ಟ."

ಪಕ್ಕದ ಮೇಜಿನ ಹ್ಯಾನಾಗೆ ಇದನ್ನೆಲ್ಲ ತಮಾಷೆಯಾಗಿ ಹೇಳಿದೆ. ಇಂಗ್ಲೆಂಡಿನವಳು. ಜುಮೇರಾ ಲೇಕ್ ಟವರ್ಸ್‌ನ ಈ ಆಫೀಸಿನಲ್ಲಿ ಮೂರು ವರ್ಷ ಜೊತೆಗಿದ್ದರೂ ತಾನು ಯಹೂದಿ ಎಂದು ಅವಳು ಹೇಳಿದ್ದು ಅಂದೇ. ನನ್ನ ತಮಾಷೆಗೆ ಅವಳು ನಗಲಿಲ್ಲ. ಮೊಬೈಲ್ ತೆಗೆದು ಹಳೆಯ ದಾಖಲೆಗಳಲ್ಲಿ ಸಿಕ್ಕ ಎರಡು ಕಾಗದಗಳ ಫೋಟೋ ತೋರಿಸಿದಳು. ಎರಡನ್ನೂ ಬರೆದದ್ದು ಒಬ್ಬನೇ, ಅವಳ ಊರಿನ ಒಬ್ಬ ಉದಾರವಾದಿ ರಾಜಕಾರಣಿ.

ಪತ್ರಿಕೆಗೆ ಬರೆದದ್ದು: "ನಾಜಿಗಳಿಂದ ಓಡಿಬರುವ ಯಹೂದಿಗಳಿಗೆ ನಮ್ಮ ನಾಡಿನ ಬಾಗಿಲು ತೆರೆಯಿರಿ." ಅದೇ ವಾರ ವೀಸಾ ಅಧಿಕಾರಿಗೆ ಗುಟ್ಟಾಗಿ ಬರೆದದ್ದು: "ಈ ಹುಡುಗಿಗೆ ನಾನು ಜಾಮೀನು. ಆದರೆ ಈ ಜನ ನಮ್ಮೂರಲ್ಲಿ ಹೆಚ್ಚಾಗುವುದು ಬೇಡ."

ಆ ಹುಡುಗಿ ಹ್ಯಾನಾಳ ಅಜ್ಜಿ.

"ಸಿಟ್ಟು ಬರಲ್ವಾ ನಿಂಗೆ?" ಎಂದೆ.

"ಬರುತ್ತೆ. ಆದ್ರೆ ಅರೆಮನಸ್ಸಿನಲ್ಲೇ ಆದ್ರೂ ಸಹಿ ಹಾಕಿದ್ನಲ್ಲ! ಅಮ್ಮ, ನಾನು, ನನ್ನ ಮಕ್ಕಳು, ಎಲ್ಲಾ ಆ ಸಹಿಯಿಂದ್ಲೇ."

ಎಂಥ ಪುಕ್ಕಲು ಉದಾರಿ! ಆದರೂ ಅವನ ಒಂದು ಸಹಿಯಿಂದ ಒಂದು ವಂಶವೇ ಉಳಿದಿದೆ, ಅದರ ಕುಡಿ ನನ್ನೆದುರು ಕೂತು ಚಹಾ ಕುಡಿಯುತ್ತಿದೆ. ಇಷ್ಟು ಸಣ್ಣ ಮನಸ್ಸಿನಿಂದ ಇಷ್ಟು ದೊಡ್ಡ ಕೆಲಸ ಆಗಬಹುದೇ? ಎರಡನೆಯ ಕಾಗದದ ಫೋಟೋವನ್ನೂ ಅಳಿಸದೆ ಇಟ್ಟುಕೊಂಡ ಅವಳನ್ನು ಕಂಡು ಇನ್ನಷ್ಟು ಬೆರಗಾಯಿತು.

ಗೆಳೆಯನಿಗೆ ಬರೆಯುತ್ತಿದ್ದ ಮೆಸೇಜ್ ಅಳಿಸಿದೆ. ಬಸವರಾಜ್‌ಗೆ "ಬನ್ನಿ" ಎಂದೆ.

"ಭಾಷಣ ಮಾಡಿದ್ದು ನೀವಲ್ವಾ ಮಾರಾಯ್ರೆ? ಹಾಸಿಗೆಯೂ ನೀವೇ ಹಾಸಿ" ಎಂದಳು ನನ್ನ ಹೆಂಡತಿ, ನಾಲ್ಕು ಚಪಾತಿ ಹೆಚ್ಚು ಲಟ್ಟಿಸುತ್ತ.

ಅವರು ಬಂದು ಇವತ್ತಿಗೆ ಒಂಬತ್ತು ದಿನ. ಬಸವರಾಜ್‌ಗೆ ಬೇಗ ಕೆಲಸ ಸಿಗಲಿ ಎಂದು ದಿನಾ ದೇವರಿಗೆ ಕೈಮುಗಿಯುತ್ತೇನೆ. ಅವರಿಗಾಗಿಯೋ, ನನ್ನ ಸೋಫಾಕ್ಕಾಗಿಯೋ?