ಗಾಳಿ ಇತ್ತು, ಹಾಯಿ ಇರಲಿಲ್ಲ

ಹೋದ ಬುಧವಾರ ಕೃಷ್ಣೆಯ ಹಿನ್ನೀರಿನ ನಟ್ಟನಡುವೆ ಸಿಕ್ಕಿಹಾಕಿಕೊಂಡಿದ್ದೆ. ಆಚೆ ದಂಡೆಯ ಊರಲ್ಲಿ ನನ್ನ ಖಾಲಾ ತೀರಿಕೊಂಡಿದ್ದಳು, ಅವತ್ತೇ ಮಣ್ಣು. ಖಾಲಾ ಅಂದರೆ ಅವ್ವನ ತಂಗಿ. ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವಳು.

ಮುದ್ದೇಬಿಹಾಳದಿಂದ ರಸ್ತೆಯಲ್ಲಿ ಸುತ್ತಿ ಹೋದರೆ ಎರಡು ತಾಸು. ದೋಣಿಯಲ್ಲಿ ಅರ್ಧ ತಾಸು. ಮಧ್ಯಾಹ್ನದ ನಮಾಜ್ ಮುಗಿದ ಕೂಡಲೇ ಮಣ್ಣು ಅಂತ ಫೋನ್ ಬಂದಿತ್ತು. ಬುದ್ಧಿವಂತನಂತೆ ದೋಣಿ ಹತ್ತಿದೆ.

ನಡುನೀರಿನಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ದೋಣಿಯ ಶಿವಪ್ಪ ಸ್ಟಾರ್ಟ್ ಮಾಡುವ ಹಗ್ಗ ಎಳೆದ, ಮತ್ತೆ ಎಳೆದ.

"ಡೀಸೆಲ್ ಪೈಪಿನ್ಯಾಗ ಹವಾ ಹಿಡದೈತ್ರಿ ಸಾಹೇಬ್ರ" ಅಂದ.

"ಮತ್ತ ಬಿಚ್ಚು."

"ಮ್ಯಾಲ ಸೀಲ್ ಐತ್ರಿ. ಒಡದ್ರ ಗ್ಯಾರಂಟಿ ಹೋಗತೈತಿ. ಕಂಪನಿಯವ್ರ ಬಂದು ಬಿಚ್ಚಬೇಕು."

ಕಂಪನಿಯವರು ನಡುನೀರಿಗೆ ಬರುತ್ತಾರೆಯೇ?

ಅವನ ಹಳೆಯ ಇಂಜಿನ್ ಹೊಲದ ಪಂಪ್‌ಸೆಟ್‌ನಿಂದ ಕಿತ್ತು ಕೂರಿಸಿದ್ದು. ಹವಾ ಹಿಡಿದರೆ ಪಾನಾ ಹಾಕಿ ನಟ್ ಸಡಿಲಿಸಿ, ಮಾತಾಡುತ್ತಲೇ ಐದು ನಿಮಿಷದಲ್ಲಿ ಸರಿ ಮಾಡುತ್ತಿದ್ದ. ಅದೂ ಕೈಕೊಟ್ಟರೆ ಹಾಯಿ ಇತ್ತು. ಗೊಬ್ಬರದ ಚೀಲಗಳನ್ನು ಹೊಲಿದು ಕಂಬಕ್ಕೆ ಕಟ್ಟಿದ ಹಾಯಿ.

ಆ ಕಂಬ ಎಲ್ಲಿ ಹೋಯಿತು?

ಅದನ್ನು ನಾನೇ ಹೇಳಬೇಕು. (ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.) ಹೋದ ವರ್ಷ ಇದೇ ಅಂಕಣದಲ್ಲಿ 'ಇನ್ನೆಷ್ಟು ದಿನ ಈ ಚೀಲದ ಹಾಯಿ?' ಅಂತ ಬರೆದಿದ್ದೆ. ಮೆಚ್ಚಿ ಮೆಸೇಜ್ ಮಾಡಿದಿರಿ. ಮೇಲಿನವರೂ ಓದಿದರು. ಹೊಸ ಇಂಜಿನ್ ಬಂತು. ಕಂಬ ನಿಲ್ಲಿಸುವ ಜಾಗದಲ್ಲೇ ಅದನ್ನು ಕೂರಿಸಬೇಕಂತೆ. ಕಂಬ ಕತ್ತರಿಸಿದರು, ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ನಾನೂ ಇದ್ದೇನೆ, ಕೊರಳಲ್ಲಿ ಹಾರ ಹಾಕಿಕೊಂಡು.

ಅವತ್ತು ಒಳ್ಳೆಯ ಗಾಳಿ. ನಾವು ಹೋಗಬೇಕಾದ ದಿಕ್ಕಿಗೇ ಬೀಸುತ್ತಿತ್ತು.

"ಸೀಲ್ ಒಡಿ" ಅಂದೆ.

"ನಿಮಗ ಇವತ್ತಿಂದಷ್ಟ ಐತ್ರಿ. ನಂದು ದಿನಾ ಹೊಟ್ಟಿ ಪ್ರಶ್ನಿ."

ಆದರೂ ನನ್ನ ಮುಖ ನೋಡಿದ. ಒಡೆದ. ಒಳಗಿನ ನಟ್‌ಗೆ ಅವನ ಪಾನಾ ಕೂರಲೇ ಇಲ್ಲ. ಅದಕ್ಕೂ ಕಂಪನಿಯ ಪಾನಾನೇ ಬೇಕು. ಗ್ಯಾರಂಟಿಯೂ ಹೋಯಿತು, ಇಂಜಿನ್ನೂ ಏಳಲಿಲ್ಲ. ಹುಟ್ಟು ಹಾಕತೊಡಗಿದ. ಹೊಸ ಇಂಜಿನ್ನಿನ ಭಾರಕ್ಕೆ ದೋಣಿ ಗೇಣು ಗೇಣೇ ಸರಿಯಿತು.

ನಾನು ಮುಟ್ಟುವ ಹೊತ್ತಿಗೆ ಜನ ಕಬರಸ್ತಾನದಿಂದ ತಿರುಗಿ ಬರುತ್ತಿದ್ದರು. ಗೋರಿಯ ಮೇಲೆ ನೀರು ಚಿಮುಕಿಸಿ ಆಗಿತ್ತು.

"ಭಾಳ ಹೊತ್ತು ಕಾದ್ವಿ, ಭಾಯಿ" ಅಂದ ಖಾಲಾನ ಮಗ. ಅಷ್ಟೇ.

ಊರವರೆಲ್ಲ ಮೂರು ಮೂರು ಹಿಡಿ ಮಣ್ಣು ಕೊಟ್ಟಿದ್ದರು. ಅವಳ ಹೆಗಲೇರಿದ್ದ ನಾನು ಒಂದು ಹಿಡಿಯನ್ನೂ ಕೊಡಲಿಲ್ಲ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಕೇಳಬೇಡಿ.

ದಂಡೆಗೆ ಬಂದೆ. ಶಿವಪ್ಪ ಒಡೆದ ಸೀಲನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ.

"ತಡಿ ಶಿವಪ್ಪ, ಪೇಪರ್‌ನ್ಯಾಗ ಬರೀತೇನಿ. ಒಬ್ಬರನ್ನೂ ಬಿಡಂಗಿಲ್ಲ" ಅಂದೆ.

"ಬ್ಯಾಡ್ರಿ ಸಾಹೇಬ್ರ. ನೀವು ಒಂದ ಸಲ ಬರದ್ರಿ, ಕಂಬ ಹೋತು. ಇನ್ನ ದೋಣಿ ಒಂದ ಉಳದೈತಿ."

ಆದರೂ ಬರೆದಿದ್ದೇನೆ. ಪಾನಾ ಹಿಡಿಯಲು ಬಾರದವನು ಬೇರೇನು ಮಾಡುತ್ತಾನೆ, ಹೇಳಿ?