ಎಂಟು ಜಿಬಿಯೊಳಗೊಂದು ಖೋಲಿ

ಯಾರಾದರೂ ಪೆನ್‌ಡ್ರೈವ್ ಚಾಚಿದರೆ ಈರಮ್ಮ ಕೂಡಲೇ ತೆಗೆದುಕೊಳ್ಳುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ ಮೊದಲು ಕೇಳುತ್ತಿದ್ದರು: "ಇದರಾಗ ಏನ್ ಹೋದ್ರ ಅಳ್ತೀರಿ?"

ಹಾಡು ತುಂಬಿಸಿಕೊಳ್ಳಲು ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ನಕ್ಕುಬಿಟ್ಟಿದ್ದ. "ಅಳೋದೇನ್ರಿ ಅಕ್ಕಾರ, ಹೋದ್ರ ಮತ್ತ ನೀವ ಹಾಕ್ತೀರಿ."

"ಹಂಗಾದ್ರ ಪಡಸಾಲ್ಯಾಗ ಇರ್ಲಿ ಬಿಡಪಾ."

ಯಲಬುರ್ಗಾದ ಬಸ್ ನಿಲ್ದಾಣದ ಹತ್ತಿರ ಈರಮ್ಮನವರದು ಡಿಟಿಪಿ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಬೆಂಚು. ತಳಕಲ್‌ನಿಂದ ಬೆಳಗಿನ ಬಸ್ಸಿಗೆ ಬಂದು ತಾವೇ ಶಟರ್ ಎತ್ತುತ್ತಿದ್ದರು. ತಂದೆ ತಾಯಿ ಕೂಲಿಗೆ ಹೋಗುತ್ತಿದ್ದವರು. ಟೈಪಿಂಗ್ ಕಲಿಯಲು ಕೊಪ್ಪಳಕ್ಕೆ ಓಡಾಡಿದ ಮೊದಲ ಹೆಣ್ಣುಮಗಳು ಆ ಮನೆಯಲ್ಲಿ ಅವರೇ. ನಾನು ಆಗ ತಾಲ್ಲೂಕು ವರದಿಗಾರ. ನನ್ನ ಬಳಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಸುದ್ದಿ, ಫೋಟೋ ಎಲ್ಲ ಅವರ ಅಂಗಡಿಯಿಂದಲೇ ಹೋಗುತ್ತಿದ್ದವು.

ಅಂಗಡಿಯ ಕೆಲಸಕ್ಕೆಲ್ಲ ಒಂದೇ ಪೆನ್‌ಡ್ರೈವ್, ಎಂಟು ಜಿಬಿಯದು. ಅದನ್ನು ಅವರು ಎರಡು ಭಾಗ ಮಾಡಿದ್ದರು. ಹೊರಗಿನದು ಪಡಸಾಲೆ: ಯಾವ ಕಂಪ್ಯೂಟರಿಗೆ ಚುಚ್ಚಿದರೂ ಕಾಣುತ್ತದೆ. ಒಳಗಿನದು ಖೋಲಿ, ಅಂದರೆ ಒಳಕೋಣೆ: ಆಗಿನ ಕಂಪ್ಯೂಟರುಗಳಿಗೆ ಅದು ಕಾಣುತ್ತಲೇ ಇರಲಿಲ್ಲ. ತೆರೆಯುವ ತಂತ್ರಾಂಶ ಇದ್ದದ್ದು ಅವರ ಯಂತ್ರದಲ್ಲಿ ಮಾತ್ರ. "ಗೊತ್ತಿದ್ದವ ಅದನ್ನೂ ಹುಡುಕ್ತಾನ್ರಿ ಸರ್. ಅದಕ್ಕ ಬ್ಯಾರೆ ಪಾಸ್‌ವರ್ಡ್ ಹಾಕೇನಿ" ಎನ್ನುತ್ತಿದ್ದರು. ಎರಡು ಪೆನ್‌ಡ್ರೈವ್ ಇಟ್ಟುಕೊಂಡರಾಗದೆ ಎಂದು ನಾನು ಕೇಳಿದ್ದೆ. "ಎರಡ ಇದ್ರ ಒಂದ ಕಳೀತೈತ್ರಿ. ಕಳಿಯೋದು ಯಾವಾಗ್ಲೂ ಬೇಕಾಗಿದ್ದ."

ಖೋಲಿಯಲ್ಲಿ ಇರುತ್ತಿದ್ದದ್ದು ಶಾಲೆಗಳ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಅವುಗಳನ್ನು ಟೈಪ್ ಮಾಡಿ, ತಾವೇ ಪ್ರಿಂಟ್ ತೆಗೆದು, ಲಕೋಟೆ ಅಂಟಿಸಿ ಕೊಡುವ ಕೆಲಸದಿಂದಲೇ ಅಂಗಡಿ ನಿಂತಿತ್ತು. ಕೆಲಸ ಒಪ್ಪಿಸಿದ ಹೆಡ್‌ಮಾಸ್ತರರು ಮೊದಲ ದಿನವೇ ಹೇಳಿದ್ದರು: "ಪೇಪರ್ ಹೊರಗ ಬಿತ್ತಂದ್ರ ನಿಮ್ಮ ಅಂಗಡಿ ಮೆಟ್ಟಲಾ ಯಾರೂ ಹತ್ತಂಗಿಲ್ಲ ನೋಡ್ರಿ."

ಆ ಮಾತಿನ ಹೆದರಿಕೆಗೆ ಅವರು ಪೆನ್‌ಡ್ರೈವಿನ ಸರಿಯಾಗಿ ಅರ್ಧವನ್ನು ಖೋಲಿಗೆ ಬಿಟ್ಟಿದ್ದರು. ಉಳಿದರ್ಧದಲ್ಲಿ ಲಗ್ನಪತ್ರಿಕೆ, ನನ್ನ ಸುದ್ದಿಫೋಟೋ ಮತ್ತು ಪಕ್ಕದ ಸ್ಟುಡಿಯೋದ ಮಲ್ಲಣ್ಣ ಕೊಪ್ಪಳದ ಲ್ಯಾಬಿಗೆ ಒಯ್ಯುತ್ತಿದ್ದ ಮದುವೆಯ ಫೋಟೋಗಳು.

ಒಮ್ಮೆ ಮಲ್ಲಣ್ಣ ಇಟಗಿಯ ಮದುವೆಯೊಂದರ ಫೋಟೋಗಳನ್ನು ಕಾಪಿಗೆ ಹಾಕಿ ಚಹಾಕ್ಕೆ ಹೋದ. ನಡುವೆ ಜಾಗ ಮುಗಿದು ಕಾಪಿ ನಿಂತಿತು. ತಿರುಗಿ ಬಂದವನು ಪರದೆಯ ಮೇಲಿನ ಸೂಚನೆ ಓದದೆ ಮುಚ್ಚಿ, ಕ್ಯಾಮೆರಾದ ಕಾರ್ಡನ್ನು ಅಳಿಸಿಬಿಟ್ಟ. ಲ್ಯಾಬಿನಿಂದ ಬಂದ ಆಲ್ಬಮ್ಮಿನಲ್ಲಿ ಅರಿಶಿನ ಇತ್ತು, ಹಿಂದಿನ ರಾತ್ರಿಯ ಊಟ ಇತ್ತು, ಅಕ್ಕಿಕಾಳು ಬಿದ್ದ ಮುಹೂರ್ತದ ಗಳಿಗೆಯೇ ಇರಲಿಲ್ಲ. ಹುಡುಗಿಯ ತಂದೆ ಆಲ್ಬಮ್ಮನ್ನು ಬೆಂಚಿನ ಮೇಲೆ ಒಗೆದರು.

"ಉಂಡ ಮಂದಿ ಎಲ್ಲಾ ಬಂದಾರ. ನನ್ನ ಮಗಳ ಮದಿವಿ ಎಲ್ಲೈತಿ?"

ಮಲ್ಲಣ್ಣ ಈರಮ್ಮನ ಕಡೆ ಕೈ ತೋರಿಸಿದ. "ಅರ್ಧ ಮನಿಗೆ ಕೀಲಿ ಹಾಕಿ ಕುಂತಾಳ್ರಿ ಈಕಿ! ಅದರಾಗ ಏನೈತಿ? ನಾಕ ಕಾಗದ!"

ಈರಮ್ಮ ಮಲ್ಲಣ್ಣನ ಚಹಾದ ಮಾತೆತ್ತಲಿಲ್ಲ. ಎಲ್ಲರೆದುರು ಖೋಲಿ ಎಷ್ಟು ತುಂಬಿದೆ ಎಂದು ನೋಡಿದರು. ಆ ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಸೇರಿ ಹತ್ತಾರು ಫೋಟೋಗಳಷ್ಟೂ ಜಾಗ ತಿಂದಿರಲಿಲ್ಲ. ಬಾಕಿಯೆಲ್ಲ ಬರಿದು. "ತಪ್ಪು ನಂದೂ ಐತ್ರಿ ಯಜಮಾನ್ರ" ಎಂದರು. "ಗ್ವಾಡಿ ಕಟ್ಟೋದ ಕಲ್ತೆ, ಎಲ್ಲಿ ಕಟ್ಟಬೇಕಂತ ಅಳತಿ ತಗೋಳಿಲ್ಲ."

ಕಾರ್ಡಿನ ಮೇಲೆ ಹೊಸ ಫೋಟೋ ತೆಗೆದಿರಲಿಲ್ಲ. ಎರಡು ದಿನ ಕೂತು, ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶದಿಂದ ಹೆಚ್ಚಿನವನ್ನು ಎಬ್ಬಿಸಿದರು. ಅಕ್ಕಿಕಾಳು ಸಿಕ್ಕಿತು, ಮದುಮಗನ ಅರ್ಧ ಮುಖ ಬೂದುಪಟ್ಟೆಯಾಗಿತ್ತು. ಹುಡುಗಿಯ ತಂದೆ ನೋಡಿ, "ಇರ್ಲಿ ಬಿಡ್ರಿ, ಅವನ ಮುಖ ದಿನಾ ನೋಡ್ತೀವಿ" ಎಂದು ನಕ್ಕರು.

ಅದೇ ವಾರ ಈರಮ್ಮ ಗೋಡೆ ಸರಿಸಿದರು. ಖೋಲಿಗೆ ಒಂದು ಜಿಬಿ, ಉಳಿದದ್ದೆಲ್ಲ ಪಡಸಾಲೆಗೆ. "ಖೋಲಿ ಸಣ್ಣದಿದ್ರ ನಡೀತೈತ್ರಿ ಸರ್. ಗ್ವಾಡಿ ತೂತ ಇರಬಾರ್ದು, ಅಷ್ಟ."

ಮುಂದಿನ ಪರೀಕ್ಷೆಗೆ ಎರಡು ದಿನವಿದ್ದಾಗ ಪ್ರಶ್ನೆಪತ್ರಿಕೆ ಸೋರಿದೆ ಎಂಬ ಸುದ್ದಿ ಹಬ್ಬಿತು. ಗಣಿತದ ಜೆರಾಕ್ಸ್ ಪ್ರತಿಯೊಂದು ಕೈಯಿಂದ ಕೈಗೆ ಓಡಾಡುತ್ತಿತ್ತು. ಈರಮ್ಮನವರ ಪೆನ್‌ಡ್ರೈವ್ ಹಿಂದಿನ ದಿನವಷ್ಟೇ ಲಗ್ನಪತ್ರಿಕೆಗೆಂದು ಕೊಪ್ಪಳದ ಒಂದು ಪ್ರೆಸ್ಸಿನಲ್ಲಿ ಇಡೀ ದಿನ ಇತ್ತು. ಅಲ್ಲಿಂದಲೇ ಹೋಗಿದೆ ಎಂದು ಊರು ತೀರ್ಮಾನಿಸಿಬಿಟ್ಟಿತು. ಹೆಡ್‌ಮಾಸ್ತರರು ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದರು. ನಾನೂ ಹೋದೆ. ಸುದ್ದಿಯ ಮೊದಲ ವಾಕ್ಯ ನನ್ನ ತಲೆಯಲ್ಲಿ ಆಗಲೇ ತಯಾರಾಗಿತ್ತು. ಅದರಲ್ಲಿ ಅವರ ಅಂಗಡಿಯೂ ಇತ್ತು.

ಈರಮ್ಮ ಪೆನ್‌ಡ್ರೈವ್ ತೆಗೆದು ಕೊಟ್ಟರು. ಹೆಡ್‌ಮಾಸ್ತರರು ಚುಚ್ಚಿ, ಒಂದೊಂದೇ ಫೋಲ್ಡರ್ ತೆರೆದರು. ಲಗ್ನಪತ್ರಿಕೆ, ಮದುವೆ, ಮತ್ತೆ ಮದುವೆ. ಬಹಳ ಹೊತ್ತು ಹುಡುಕಿ, ಕೊನೆಗೆ ತಲೆ ಎತ್ತಿದರು.

"ಪೇಪರ್ ಇಲ್ಲೆಲ್ಲೂ ಇಲ್ಲ. ಆದ್ರ ಈರಮ್ಮಾರ, ನಿಮಗ ಯಾರೋ ಡುಪ್ಲಿಕೇಟ್ ಮಾಲ್ ಕೊಟ್ಟಾರ್ರಿ. ಎಂಟ ಜಿಬಿ ಅಂತ ಬರದೈತಿ, ಏಳೂವರಿ ಹತ್ರ ತೋರಸ್ಬೇಕು, ಇದು ಆರಕ್ಕಿಂತ ಒಂಚೂರು ಜಾಸ್ತಿ ತೋರಸ್ತೈತಿ."

"ಕಮ್ಮಿ ಬಿದ್ದಿದ್ದರಾಗ ನಿಮ್ಮ ಪೇಪರ್ ಅದಾವ್ರಿ ಸರ್."

ತಮ್ಮ ಕಂಪ್ಯೂಟರಿಗೆ ಚುಚ್ಚಿ, ನನ್ನನ್ನು ಅತ್ತ ತಿರುಗಿ ನಿಲ್ಲಲು ಹೇಳಿ, ಹೆಡ್‌ಮಾಸ್ತರರಿಗೆ ಮಾತ್ರ ಖೋಲಿ ತೆರೆದು ತೋರಿಸಿದರು. ಅವರು ಜೆರಾಕ್ಸ್ ಪ್ರತಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಒಂದು ಪ್ರಶ್ನೆಯೂ ತಾಳೆಯಾಗಲಿಲ್ಲ. ಅದು ಯಾವುದೋ ಗೈಡಿನ ಮಾದರಿ ಪತ್ರಿಕೆ. ಪರೀಕ್ಷೆ ಹೇಳಿದ ದಿನವೇ ನಡೆಯಿತು. ಸೋರಿಕೆ ಬರೀ ವದಂತಿ ಎಂದು ನಾನು ನಾಲ್ಕು ಸಾಲು ಬರೆದೆ. ಮರುವರ್ಷದಿಂದ ತಾಲ್ಲೂಕಿನ ಇನ್ನಷ್ಟು ಶಾಲೆಗಳ ಲಕೋಟೆಗಳು ಆ ಬೆಂಚಿಗೆ ಬರತೊಡಗಿದವು.

ಕೆಲವು ವರ್ಷಗಳ ನಂತರ ಈರಮ್ಮನವರಿಗೆ ಕೊಪ್ಪಳದ ಸರ್ಕಾರಿ ಕಚೇರಿಯೊಂದರಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಅವರನ್ನು ನಾನು ಕೊನೆಯ ಸಲ ಕಂಡದ್ದು ಅಲ್ಲಿಯೇ. ಯಾವುದೋ ನೇಮಕಾತಿಯ ಆಯ್ಕೆಪಟ್ಟಿ ತಯಾರಾಗಿದೆ ಎಂಬ ಸುಳಿವಿನ ಮೇಲೆ ಹೋಗಿದ್ದೆ. ನನ್ನನ್ನು ಕಂಡು ಎದ್ದು ನಿಂತು, ಕುರ್ಚಿ ಎಳೆದು, ಚಹಾ ಹೇಳಿದರು. ಮನೆಯವರ ಯೋಗಕ್ಷೇಮ ಮುಗಿದ ಮೇಲೆ ಹಳೆಯ ಸಲಿಗೆಯಿಂದ ಕೇಳಿದೆ, "ಆ ಪಟ್ಟಿ ಸ್ವಲ್ಪ ತೋರಿಸ್ರಿ ಈರಮ್ಮಾರ."

"ಸೋಮವಾರ ಬೋರ್ಡಿಗೆ ಹಚ್ತಾರ್ರಿ. ಎಲ್ಲಾರ ಜೋಡಿ ನೀವೂ ನೋಡ್ರಿ" ಎಂದರು. "ಚಾ ಆರಿ ಹೋಗತೈತಿ, ಕುಡೀರಿ ಸರ್."

ಸುದ್ದಿಯಿಲ್ಲದೆ ಮೆಟ್ಟಿಲಿಳಿದು ಬಂದೆ. ಬಸ್ಸಿನಲ್ಲಿ ಕುಳಿತಾಗ, ಸೋಮವಾರದವರೆಗೆ ಈರಮ್ಮನವರ ಖೋಲಿಯಲ್ಲಿ ಭದ್ರವಾಗಿರುವ ಆ ಪಟ್ಟಿಯಲ್ಲಿ ಹೆಸರಿರುವವರೆಲ್ಲ ಪುಣ್ಯವಂತರು ಎನ್ನಿಸಿತು.