ಹದಿನೇಳನೇ ನಂಬರಿನ ದನಿ

ನನಗೆ ಒಂದು ಜಂಬ ಇತ್ತು. ಮುಖ ನೋಡದೆ, ಬರೀ ದನಿ ಕೇಳಿ ನನ್ನ ತರಗತಿಯ ಇಪ್ಪತ್ತಾರು ಮಕ್ಕಳನ್ನೂ ಗುರುತು ಹಿಡಿಯುತ್ತೇನೆ ಎನ್ನುವ ಜಂಬ. ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿಕೊಂಡು ಮೆರೆದವಳು ನಾನು. ಆ ಜಂಬ ಇಳಿದದ್ದು ಶಾಲೆ ಮತ್ತೆ ತೆರೆದ ದಿನ, ಬೆಳಗಿನ ಹಾಜರಿ ಮುಗಿಯುವ ಮೊದಲೇ.

ಕೊರೊನಾ ಬಂದ ವರ್ಷ ಯಲಹಂಕದ ನಮ್ಮ ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನನಗೆ ಒಂದನೇ ತರಗತಿ ಕೊಟ್ಟಿದ್ದರು. ಟೀಚರುಗಳಲ್ಲಿ ಅರ್ಧಕ್ಕರ್ಧ ಜನ ಕೆಲಸ ಬಿಟ್ಟು ಹೋಗಿದ್ದರಿಂದ ಮರುವರ್ಷ ಆ ಮಕ್ಕಳ ಜೊತೆ ನಾನೂ ಎರಡನೇ ತರಗತಿಗೆ ಪಾಸಾದೆ. ಪಾಠವೆಲ್ಲ ಫೋನಿನಲ್ಲೇ. ಮಕ್ಕಳ ಮನೆಗಳಲ್ಲಿ ಇದ್ದದ್ದು ಒಂದೊಂದೇ ಫೋನು, ವಿಡಿಯೋ ಹಾಕಿದರೆ ನೆಟ್ ನಿಂತೇಹೋಗುತ್ತಿತ್ತು. ಅದಕ್ಕೆ ನಾನೇ ಒಂದು ಕಟ್ಟಳೆ ಮಾಡಿದ್ದೆ. ಯಾರೂ ವಿಡಿಯೋ ಹಾಕಬಾರದು. ನಾನು ನಂಬರು ಕರೆದಾಗ ಮಾತ್ರ ಮೈಕು ತೆರೆದು "ಪ್ರೆಸೆಂಟ್ ಮಿಸ್" ಅನ್ನಬೇಕು. ಕಿವಿಯಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡು ದಿನವೂ ಆ ಇಪ್ಪತ್ತಾರು ದನಿಗಳನ್ನು ಕೇಳಿ ಕೇಳಿ, ಯಾರಿಗೆ ನೆಗಡಿ, ಯಾರ ಮನೆಯಲ್ಲಿ ಬೆಳಿಗ್ಗೆ ಬೈಗುಳ ಬಿದ್ದಿದೆ ಎನ್ನುವುದೂ ನನಗೆ ತಿಳಿಯುತ್ತಿತ್ತು.

ಅವರಲ್ಲಿ ಹದಿನೇಳನೇ ನಂಬರಿನ ಹುಡುಗ ನನ್ನ ಕಣ್ಮಣಿ. ಆ ವರ್ಷವೇ ಹೊಸದಾಗಿ ಸೇರಿದವನು, ಅವನನ್ನು ನಾನು ನೋಡಿಯೇ ಇರಲಿಲ್ಲ. ಕರೆದ ತಕ್ಷಣ ಉತ್ತರ. ಪಾಠ ಓದು ಎಂದರೆ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದುತ್ತಿದ್ದ. ಉಳಿದವರ ಹಿಂದೆ ಕುಕ್ಕರ್ ಕೂಗುತ್ತಿದ್ದರೆ, ಟಿವಿ ಅರಚುತ್ತಿದ್ದರೆ, ಇವನ ಮನೆ ಮಾತ್ರ ಉಸಿರು ಹಿಡಿದು ಕೂತ ಹಾಗೆ ಇರುತ್ತಿತ್ತು. ಒಂದು ದಿನ ಅವನ ಓದನ್ನು ರೆಕಾರ್ಡ್ ಮಾಡಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ "ಗಂಡು ಮಗು ಅಂದರೆ ಹೀಗಿರಬೇಕು" ಎಂದು ಬರೆದೆ. ಹಾಗೆ ಬರೆಯಲು ನನಗೆ ಏನು ಬಂದಿತ್ತೋ. ಈಗ ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಒಂದೂವರೆ ವರ್ಷದ ಮೇಲೆ ಚಿಕ್ಕ ಮಕ್ಕಳಿಗೂ ಶಾಲೆ ತೆರೆಯಿತು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಆಯಾ ಒಬ್ಬೊಬ್ಬರ ಹಣೆಗೂ ಜ್ವರ ನೋಡುವ ಯಂತ್ರ ಹಿಡಿದು, ಅಂಗೈಗೆ ಸ್ಯಾನಿಟೈಸರ್ ಸುರಿದು, ಅಪ್ಪ ಅಮ್ಮ ಸಹಿ ಹಾಕಿದ ಒಪ್ಪಿಗೆ ಪತ್ರ ಇಸಿದುಕೊಂಡು ಒಳಗೆ ಬಿಡುತ್ತಿದ್ದಳು. ಮನೆಯವರು ಯಾರೂ ಗೇಟು ದಾಟುವಂತಿರಲಿಲ್ಲ. ಗಾಳಿ ಆಡಲಿ ಎಂದು ಕಿಟಕಿಗಳನ್ನೆಲ್ಲ ತೆರೆದಿಡಬೇಕೆಂಬ ಆದೇಶ ಬೇರೆ. ನನ್ನ ಕೊಠಡಿಯ ಕಿಟಕಿ ತೆರೆದರೆ ನೇರ ರಸ್ತೆ. ಅಲ್ಲಿ ನಿಂತವರ ಮಾತೆಲ್ಲ ಒಳಗೆ ಕೇಳುತ್ತಿತ್ತು.

ಬೆಂಚಿಗೆ ಒಬ್ಬೊಬ್ಬರಂತೆ ಮಕ್ಕಳು ಕೂತಿದ್ದರು. ಎಲ್ಲರ ಮುಖದ ಮೇಲೂ ಮಾಸ್ಕು, ಕಾಣುತ್ತಿದ್ದುದು ಕಣ್ಣು ಮಾತ್ರ. ದನಿ ಕೇಳಿದರೆ ಸಾಕು, ಯಾರು ಯಾರೆಂದು ಹೇಳಿಬಿಡುತ್ತೇನೆ ಎಂದುಕೊಂಡು ಹಾಜರಿ ಪುಸ್ತಕ ತೆರೆದೆ. ಹದಿನಾರರವರೆಗೆ ಒಂದೂ ತಪ್ಪಲಿಲ್ಲ.

"ಹದಿನೇಳು" ಎಂದೆ. ಮೂರನೇ ಬೆಂಚಿನಲ್ಲಿದ್ದ ಹಳದಿ ಮಾಸ್ಕಿನ ಹುಡುಗ ಬೆಂಚಿನ ಮೇಲೆ ಬೆರಳಲ್ಲಿ ಏನೋ ಗೀಚುತ್ತಿದ್ದ. ನಾನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದೆ.

"ಪ್ರೆಸೆಂಟ್ ಮಿಸ್."

ದನಿ ಬಂದದ್ದು ಕಿಟಕಿಯ ಆಚೆಯಿಂದ.

ಮಕ್ಕಳು ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ಒಂದೂವರೆ ವರ್ಷ ನನ್ನ ಕಿವಿಯೊಳಗೇ ಇದ್ದ ದನಿ ಅದು. ಎದ್ದು ಹೋಗಿ ನೋಡಿದೆ. ಕಿಟಕಿಯ ಕೆಳಗೆ ಎಂಟು ವರ್ಷದ ಒಬ್ಬ ಹುಡುಗಿ, ದೊಡ್ಡವರ ಮಾಸ್ಕು ಹಾಕಿಕೊಂಡು, ಅದರ ಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಬೇಕೆಂದು ಕೂಗಿರಲಿಲ್ಲ ಅವಳು, ನಂಬರು ಕಿವಿಗೆ ಬಿದ್ದಿತ್ತು, ಬಾಯಿ ತಾನಾಗಿ ಹೇಳಿಬಿಟ್ಟಿತ್ತು. ಯಾರು ನೀನು ಎಂದು ಗದರಿದೆ.

"ಅವನ ಅಕ್ಕ ಮಿಸ್. ಬಿಡೋಕ್ ಬಂದಿದ್ದೆ" ಎಂದು ಹಳದಿ ಮಾಸ್ಕಿನವನನ್ನು ತೋರಿಸಿದಳು.

ಇನ್ನೂ ಒಂದು ಚೂರು ಅನುಮಾನ ಉಳಿದಿತ್ತು. ಉಳಿಯಲಿ ಎಂದೇ ನನ್ನ ಆಸೆ. "ಶುಕ್ರವಾರ ಲೆಕ್ಕ ಎಲ್ಲಿಗೆ ನಿಲ್ಲಿಸಿದ್ವಿ, ಹೇಳು" ಎಂದೆ.

"ಪೇಜ್ ಫಾರ್ಟಿ ಟೂ ಮಿಸ್. ಕೊನೇದು ಎರಡು ಲೆಕ್ಕ ಸ್ಕೂಲಲ್ಲಿ ಮಾಡೋಣ ಅಂದಿದ್ರಿ."

ಆ ಎರಡು ಲೆಕ್ಕ ನನಗೇ ಮರೆತುಹೋಗಿತ್ತು. ಹಳದಿ ಮಾಸ್ಕಿನವನ ಕಡೆ ತಿರುಗಿ, ಇಷ್ಟು ದಿನ ನೀನೆಲ್ಲಿದ್ದೆ ಎಂದು ಕೇಳಿದೆ. "ಟೆರೇಸ್ ಮೇಲೆ ಗಾಳಿಪಟ ಬಿಡ್ತಿದ್ದೆ ಮಿಸ್" ಅಂದ, ಒಂದಿಷ್ಟೂ ಅಳುಕಿಲ್ಲದೆ.

ನನಗೆ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಷ್ಟು ದಿನ ನನ್ನ ಕಿವಿಗೆ ಹೂವಿಟ್ಟರಲ್ಲ ಎನ್ನುವ ಸಿಟ್ಟು. ನಾಳೆ ಅಮ್ಮನನ್ನು ಕರೆದುಕೊಂಡು ಬಾ ಎಂದು ಹುಡುಗಿಯನ್ನು ಅಟ್ಟಿದೆ. ಅಷ್ಟಕ್ಕೇ ಬಿಡದೆ ಆ ಹುಡುಗನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ಓದು ಎಂದೆ. ಅವನಿಗೆ ಅಕ್ಷರಗಳೇ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರೆದುರು ಅವನು ಅತ್ತ. ಅವನ ಪ್ರೋಗ್ರೆಸ್ ಕಾರ್ಡಿನಲ್ಲಿ ತರಗತಿಗೇ ಮೊದಲಿಗ ಎಂದು ಬರೆದವಳು ನಾನು, ಅವನನ್ನು ಅಳಿಸಿದವಳೂ ನಾನೇ. ಆ ದಿನದ ನನ್ನ ನಡತೆ ನನಗೆ ಇವತ್ತಿಗೂ ಹಿಡಿಸುವುದಿಲ್ಲ.

ಮರುದಿನ ತಾಯಿ ಗೇಟಿನ ಹತ್ತಿರ ಬಂದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೊತ್ತಾಗುತ್ತಿತ್ತು, ಊಟದ ಡಬ್ಬಿ ಕೈಯಲ್ಲೇ ಇತ್ತು. ಪುಟ್ಟೇನಹಳ್ಳಿ ಕೆರೆಯ ಆಚೆ ಬಾಡಿಗೆ ಮನೆ. ಲಾಕ್‌ಡೌನಿಗೆ ಮುಂಚೆಯಷ್ಟೇ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಿಂದ ಬಂದವರು.

"ತಪ್ಪಾಯ್ತು ಮಿಸ್. ಇವನು ಫೋನ್ ಮುಂದೆ ಕುಂತ್ಕಣಾಕಿಲ್ಲ. ಆಜರಿ ಇಲ್ದಿದ್ರೆ ಎಸ್ರು ತೆಗೀತಾರೆ ಅಂದ್ರು. ಅದ್ಕೆ ಇವಳನ್ನ ಕುಂಡ್ರಿಸ್ದೆ. ಇನ್ಮೇಲೆ ಇವಳು ಸ್ಕೂಲ್ ಅತ್ರನೂ ಬರಾಕಿಲ್ಲ."

ಹುಡುಗಿ ತಲೆ ಬಗ್ಗಿಸಿಕೊಂಡು ನಿಂತಿದ್ದಳು. ಅವಳ ಪಾಠ ತಪ್ಪಿಸಿ ಇವನ ಪಾಠಕ್ಕೆ ಕೂರಿಸಿದ್ದಾರಲ್ಲ, ಅವಳ ಟೀಚರಿಗಾದರೂ ಒಂದು ಮಾತು ಹೇಳಬೇಕು ಎಂದುಕೊಂಡು, ಇವಳು ಯಾವ ಸ್ಕೂಲು ಎಂದು ಕೇಳಿದೆ.

"ಎಲ್ಲೂ ಇಲ್ಲ ಮಿಸ್. ಊರಲ್ಲಿ ಒಂದನೇ ಕ್ಲಾಸಿಗೆ ಓಯ್ತಿದ್ಲು. ಟಿ.ಸಿ. ತರಾಕಾಗ್ಲಿಲ್ಲ. ಎಣ್ ಮಗೀಗೇನು ಅವಸ್ರ, ಆಮೇಲ್ ನೋಡನ ಅಂದ್ರು ಅವರಪ್ಪ."

ಗೇಟಿನ ಕಂಬಿ ಹಿಡಿದುಕೊಂಡೆ. ಒಂದೂವರೆ ವರ್ಷ ದಿನ ತಪ್ಪದೆ ನನ್ನ ತರಗತಿಯಲ್ಲಿ ಕೂತ ಮಗು, ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಈಗ ಶಾಲೆ ತೆರೆದಿದೆ ಎಂದು ಊರೆಲ್ಲ ಸಂಭ್ರಮ ಪಡುತ್ತಿತ್ತು. ಅವಳಿಗೆ ಅದೇ ದಿನ ಶಾಲೆ ಮುಚ್ಚಿತ್ತು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಈಗ ಬಂದದ್ದು ಭಯ. ತಮ್ಮನನ್ನು ಬಿಟ್ಟು, ಕರೆದುಕೊಂಡು ಹೋಗಿ, ಅನ್ನಕ್ಕಿಡುವುದರಲ್ಲೇ ಇವಳು ದೊಡ್ಡವಳಾಗಿಬಿಡುತ್ತಾಳೆ, ಕೇಳುವವರು ಯಾರೂ ಇರುವುದಿಲ್ಲ ಎನ್ನುವ ಭಯ.

ನಮ್ಮ ಹೆಡ್‌ಮಿಸ್ ಹತ್ತಿರ ಹೋಗಿ ನಮ್ಮಲ್ಲೇ ಕೂರಿಸಿಕೊಳ್ಳೋಣ ಎಂದು ಗೋಗರೆದೆ. "ಎರಡು ಫೀಸ್ ಅವರಿಂದ ಆಗುತ್ತೇನ್ರೀ? ಹೆಸರಿಲ್ಲದ ಮಗೂನ ಕೂರಿಸ್ಕೊಂಡ್ರೆ ನಾಳೆ ನನ್ನ ತಲೆಗೆ ಬರುತ್ತೆ. ಸರ್ಕಾರಿ ಸ್ಕೂಲಿದೆಯಲ್ಲ, ಅಲ್ಲಿ ಟಿ.ಸಿ. ಇಲ್ದಿದ್ರೂ ವಯಸ್ಸು ನೋಡಿ ಸೇರಿಸ್ಕೋತಾರೆ. ನೀವೇ ಕರ್ಕೊಂಡ್ ಹೋಗಿ" ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಸಂಜೆ ತಾಯಿಗೆ ಫೋನ್ ಮಾಡಿ, ಶನಿವಾರ ಅರ್ಧ ದಿನ ರಜ ಹಾಕಿ, ಮಗಳನ್ನು ಸೇರಿಸಿ ಬರೋಣ ಎಂದೆ. ಅವರು ಕೇಳಿದರು, "ಇವಳೂ ಸ್ಕೂಲಿಗ್ ಒಂಟೋದ್ರೆ ಅವನಿಗೆ ಏಳ್ಕೊಡೋರು ಯಾರು ಮಿಸ್?"

ಕುಹಕದ ಮಾತಲ್ಲ ಅದು, ನಿಜವಾದ ಚಿಂತೆ. ಅವನ ಟೀಚರನ್ನೇ ಫೋನಿನಲ್ಲಿ ಇಟ್ಟುಕೊಂಡು ಕೇಳುತ್ತಿದ್ದಾರೆ ಎನ್ನುವುದು ಅವರ ಮನಸ್ಸಿಗೆ ಬಂದೇ ಇರಲಿಲ್ಲ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ನಾನಿದ್ದೀನಲ್ಲಮ್ಮ, ದಿನಾ ಅರ್ಧ ಗಂಟೆ ಜಾಸ್ತಿ ಕೂರಿಸ್ಕೊಂಡು ಹೇಳ್ಕೊಡ್ತೀನಿ" ಎಂದೆ. ಹಾಗಾದ್ರೆ ಸರಿ ಅಂದರು.

ಶನಿವಾರ ಮಧ್ಯಾಹ್ನ ಮೂವರೂ ಸರ್ಕಾರಿ ಶಾಲೆಗೆ ಹೋದೆವು. ಹೆಡ್‌ಮಾಸ್ಟರು ನಿವೃತ್ತಿಗೆ ಹತ್ತಿರವಾದವರು, ನಿಧಾನದ ಮನುಷ್ಯ. ಆಧಾರ್ ನೋಡಿದರು, ವಯಸ್ಸು ಲೆಕ್ಕ ಹಾಕಿದರು. ಹಳೇ ಶಾಲೆಯ ಕಾಗದ ಏನಾದರೂ ಇದೆಯೇ ಎಂದು ಕೇಳಿದರು. ಒಂದೂ ಇರಲಿಲ್ಲ. ಅವಳು ಬರೆದ ಪರೀಕ್ಷೆಗಳು, ತೆಗೆದ ಅಂಕಗಳು, ನನ್ನ ಕೈಬರಹದ ಶಹಬ್ಬಾಸ್‌ಗಳು, ಎಲ್ಲ ಬೇರೊಬ್ಬನ ಹೆಸರಿನಲ್ಲಿದ್ದವು. ನಾನು ತಲೆ ತಗ್ಗಿಸಿದೆ.

"ಹೋಗ್ಲಿ ಬಿಡಿ, ಮಗೂನೇ ಕೇಳೋಣ" ಎಂದು ಅವರು ಅವಳ ಕಡೆ ಬಾಗಿದರು. "ಎಷ್ಟನೇ ಕ್ಲಾಸ್‌ವರ್ಗೂ ಓದಿದೀಯಮ್ಮ?"

ಅವಳು ಅಮ್ಮನ ಮುಖ ನೋಡಿದಳು, ಆಮೇಲೆ ನನ್ನ ಮುಖ. "ಹೇಳ್ಬೋದಾ ಮಿಸ್?" ಎಂದು ಪಿಸುಗುಟ್ಟಿದಳು. ನಾನು ಹೇಳು ಎಂದೆ.

"ಎರಡನೇ ಕ್ಲಾಸ್ ಸಾರ್" ಅಂದಳು. ಸುಳ್ಳು ಹೇಳಿದೆನೇನೋ ಅನ್ನಿಸಿರಬೇಕು, ತಕ್ಷಣ ಸೇರಿಸಿದಳು, "ನಂದಲ್ಲ ಸಾರ್, ನನ್ ತಮ್ಮಂದು."